ನಲವತ್ತೈದಕ್ಕೇ ಮೊಣಕಾಲು ಸವೆದರೆ: ಕೀಲು ಬದಲಿಸುವ ಮೊದಲು ಇರುವ ದಾರಿಗಳು

ಕಬ್ಬು ಕಡಿಯುವವರು, ಇಳಕಲ್ ಮತ್ತು ಗುಳೇದಗುಡ್ಡದ ನೇಕಾರರು, ಗರಡಿಮನೆಯಲ್ಲಿ ಬೈಠಕ್ ಹೊಡೆದು ಬೆಳೆದ ಪೈಲ್ವಾನರು, ವಿಜಯಪುರ-ಬಾಗಲಕೋಟೆಯ ಹಳೆಯ ಕಬಡ್ಡಿ ಆಟಗಾರರು. ಇಂಥವರ ಮೊಣಕಾಲು ಅರವತ್ತರವರೆಗೆ ಕಾಯುವುದಿಲ್ಲ. ನಲವತ್ತು, ನಲವತ್ತೈದಕ್ಕೇ ನೋವು ಶುರುವಾಗುತ್ತದೆ. ಆಸ್ಪತ್ರೆಗೆ ಹೋದರೆ ಬಹಳ ಸಲ ಎರಡೇ ಮಾತು ಕೇಳಿಸುತ್ತವೆ. ಒಂದು, “ಎಲುಬು ಸವದಾವ, ಗುಳಿಗಿ ತಗೋರಿ, ಅರವತ್ತಾದ ಮ್ಯಾಲೆ ನೋಡೋಣು.” ಇನ್ನೊಂದು, “ಬದಲಿ ಮಾಡಿಸಿಬಿಡ್ರಿ.”

ಈ ಎರಡರ ನಡುವೆ ಇನ್ನೂ ಕೆಲವು ದಾರಿಗಳಿವೆ. ಕೀಲು ಪೂರ್ತಿ ಹಾಳಾಗುವ ಮೊದಲೇ ಮಾಡಿದರೆ ಮಾತ್ರ ಫಲ ಕೊಡುವ ಶಸ್ತ್ರಚಿಕಿತ್ಸೆಗಳು ಅವು. ಇಲ್ಲಿ ‘ಬೇಗ’ ಎಂಬುದನ್ನು ವಯಸ್ಸಿನಿಂದ ಅಳೆಯುವುದಲ್ಲ, ಸವೆತದ ಹಂತದಿಂದ ಅಳೆಯಬೇಕು. ಐವತ್ತೈದರ ರೈತನ ಮೊಣಕಾಲಿಗೆ ಇನ್ನೂ ಸಮಯವಿರಬಹುದು. ಮೂವತ್ತೆಂಟರ ಡ್ರೈವರನ ಸೊಂಟದ ಕೀಲಿಗೆ ಅದು ಮುಗಿದೇ ಹೋಗಿರಬಹುದು.

ಸವೆಯುವುದು ಏನು?

ಚಕ್ಕಡಿಯ ಅಚ್ಚಿಗೆ ಕೀಲೆಣ್ಣೆ ಹಾಕಿದಂತೆ ನಮ್ಮ ಕೀಲಿನೊಳಗೂ ಜಾರಿಕೆಯ ದ್ರವವಿದೆ. ಎಲುಬುಗಳ ತುದಿಗೆ ಮೃದ್ವಸ್ಥಿಯ ಲೇಪ ಇರುತ್ತದೆ. ಎಳೆಯ ತೆಂಗಿನಕಾಯಿಯ ಗಂಜಿಯಷ್ಟು ನುಣುಪಾದ, ಆದರೆ ಗಟ್ಟಿಯಾದ ಹೊದಿಕೆ ಅದು. ಮೊಣಕಾಲಿನಲ್ಲಿ ಅದರ ದಪ್ಪ ಸುಮಾರು 2ರಿಂದ 4 ಮಿಲಿಮೀಟರ್. ಅದಕ್ಕೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ರಕ್ತ ಹರಿಯದ ಕಾರಣ ಒಮ್ಮೆ ಸವೆದದ್ದು ಮೊದಲಿನಂತೆ ಬೆಳೆಯುವುದಿಲ್ಲ. ನರವಿಲ್ಲದ ಕಾರಣ ಸವೆಯಲು ಶುರುವಾದದ್ದು ನಮಗೆ ತಿಳಿಯುವುದಿಲ್ಲ. ನೋವು ಬರುವುದು ಕೀಲಿನ ಪೊರೆ ಊದಿದಾಗ, ಇಲ್ಲವೇ ಲೇಪದ ಕೆಳಗಿನ ಎಲುಬಿನ ಮೇಲೆ ನೇರ ಭಾರ ಬಿದ್ದಾಗ. ಹಾಗಾಗಿ ಮೊದಲ ನೋವು ಬರುವ ಹೊತ್ತಿಗೆ ಸವೆತ ಅದೆಷ್ಟೋ ಕಾಲದಿಂದ ನಡೆದಿರುತ್ತದೆ.

ಮೊಣಕಾಲು ಒಂದೇ ಕೀಲಿನಂತೆ ಕಂಡರೂ ಅದರಲ್ಲಿ ಮೂರು ಭಾಗಗಳಿವೆ: ಒಳಬದಿ, ಹೊರಬದಿ, ಚಿಪ್ಪಿನ ಹಿಂಬದಿ. ಒಳಬದಿಗೂ ಹೊರಬದಿಗೂ ಅರ್ಧಚಂದ್ರದ ಆಕಾರದ ಒಂದೊಂದು ಗಾದಿ ಇರುತ್ತದೆ. ಇದನ್ನು ವೈದ್ಯರು ಮೆನಿಸ್ಕಸ್ ಎನ್ನುತ್ತಾರೆ. ಮುಂದೆ ಹೇಳುವುದೆಲ್ಲ ನಿಂತಿರುವುದು ಈ ಮೂರು ಭಾಗಗಳ ಮೇಲೆ. ಒಂದೇ ಭಾಗ ಸವೆದಿದ್ದರೆ ದಾರಿಗಳು ಹಲವು. ಮೂರೂ ಸವೆದಿದ್ದರೆ ಉಳಿಯುವುದು ಪೂರ್ತಿ ಬದಲಿಯೊಂದೇ.

ಟೈರಿನ ಒಂದೇ ಅಂಚು ಸವೆದಂತೆ

ಟ್ರ್ಯಾಕ್ಟರಿನ ಮುಂದಿನ ಟೈರು ಒಂದೇ ಅಂಚಿನಲ್ಲಿ ಸವೆಯುತ್ತಿದ್ದರೆ ಮೇಸ್ತ್ರಿ ಮೊದಲು ನೋಡುವುದು ಅಲೈನ್‌ಮೆಂಟ್. ಟೈರಷ್ಟೇ ಬದಲಿಸಿದರೆ ಹೊಸದೂ ಅದೇ ಅಂಚಿನಲ್ಲಿ ಸವೆಯುತ್ತದೆ.

ಕಾಲಿನದೂ ಹೀಗೆಯೇ. ಸೊಂಟದ ಕೀಲಿನ ನಡುವಿನಿಂದ ಹರಡಿನ (ಪಾದದ ಮೇಲಿನ ಕೀಲಿನ) ನಡುವಿಗೆ ಒಂದು ದಾರ ಎಳೆದರೆ ಅದು ಮೊಣಕಾಲಿನ ಹೆಚ್ಚುಕಡಿಮೆ ಮಧ್ಯದಲ್ಲಿ ಹಾದುಹೋಗಬೇಕು. ನಡೆಯುವಾಗ ಮೊಣಕಾಲಿನ ಮೇಲೆ ಮೈತೂಕದ ಎರಡರಿಂದ ಮೂರು ಪಟ್ಟು ಭಾರ ಬೀಳುತ್ತದೆ. ದಾರ ಮಧ್ಯದಲ್ಲೇ ಹಾದರೂ ಆ ಭಾರದ ಹೆಚ್ಚಿನ ಪಾಲು, ಅಂದರೆ ಸುಮಾರು 60 ಶೇಕಡಾ, ಒಳಬದಿಗೇ ಹೋಗುತ್ತದೆ. ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿದ್ದರೆ ದಾರ ಇನ್ನೂ ಒಳಕ್ಕೆ ಸರಿಯುತ್ತದೆ. ಒಳಬದಿ ಸವೆದಷ್ಟೂ ಕಾಲು ಬಾಗುತ್ತದೆ, ಬಾಗಿದಷ್ಟೂ ಒಳಬದಿ ಸವೆಯುತ್ತದೆ. ನಮ್ಮ ಕಡೆ ಐವತ್ತು ದಾಟಿದ ಎಷ್ಟೋ ಮಂದಿಯ ನಡಿಗೆಯಲ್ಲಿ ಎರಡೂ ಮೊಣಕಾಲುಗಳು ಹೊರಕ್ಕೆ ತೆರೆದುಕೊಂಡು ಕಾಣುವುದು ಇದರಿಂದಲೇ. ಈ ಸುತ್ತನ್ನು ಗುಳಿಗೆಯಿಂದ ನಿಲ್ಲಿಸಲು ಆಗುವುದಿಲ್ಲ, ಏಕೆಂದರೆ ಗುಳಿಗೆ ನೋವನ್ನು ತಗ್ಗಿಸುತ್ತದೆಯೇ ಹೊರತು ಭಾರವನ್ನಲ್ಲ.

ಎಕ್ಸ್‌ರೇ ನಿಂತೇ ತೆಗೆಸಬೇಕು

ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಭಾರ ಬಿದ್ದಿರುವುದಿಲ್ಲ. ಎಲುಬುಗಳು ಸಡಿಲವಾಗಿ ದೂರ ನಿಂತು, ಲೇಪ ಸವೆದಿದ್ದರೂ ‘ಗ್ಯಾಪ್’ ಚೆನ್ನಾಗಿಯೇ ಕಾಣುತ್ತದೆ. ಆದ್ದರಿಂದ ಎರಡೂ ಕಾಲಿನ ಮೇಲೆ ನಿಂತು ತೆಗೆಸಬೇಕು. ಮೊಣಕಾಲನ್ನು ಸುಮಾರು 45 ಡಿಗ್ರಿ ಮಡಿಸಿ ನಿಂತು ಹಿಂದಿನಿಂದ ತೆಗೆಸುವ ಇನ್ನೊಂದು ಚಿತ್ರವಿದೆ. ನೇರ ನಿಂತಾಗ ಕಾಣದ ಸವೆತ ಅದರಲ್ಲಿ ಸಿಕ್ಕಿಬೀಳುತ್ತದೆ. ಶಸ್ತ್ರಚಿಕಿತ್ಸೆಯ ಮಾತು ಬಂದರೆ ಸೊಂಟದಿಂದ ಹರಡಿನವರೆಗಿನ ಇಡೀ ಕಾಲಿನ ಚಿತ್ರವೂ ಬೇಕು. ಇದಕ್ಕೆ ಸ್ಕ್ಯಾನೋಗ್ರಾಮ್ ಎನ್ನುತ್ತಾರೆ. ಮೇಲೆ ಹೇಳಿದ ದಾರವನ್ನು ಅಳೆಯುವುದು ಇದರ ಮೇಲೆಯೇ.

ಸವೆತವನ್ನು 0ಯಿಂದ 4ರವರೆಗೆ ಗ್ರೇಡ್ ಮಾಡುತ್ತಾರೆ. 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು ರೂಪಿಸಿದ ಅಳತೆ ಇದು. ಗ್ರೇಡ್ 4 ಎಂದರೆ ಎಲುಬಿಗೆ ಎಲುಬು ತಾಗುತ್ತಿದೆ ಎಂದರ್ಥ. ಆದರೆ ಗ್ರೇಡಿನ ಅಂಕಿಯೊಂದನ್ನೇ ನೋಡಿ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಗ್ರೇಡ್ 3 ಇದ್ದರೂ ಹೊಲದ ಕೆಲಸ ಸಾಗಿಸುವವರಿದ್ದಾರೆ, ಗ್ರೇಡ್ 2ಕ್ಕೇ ರಾತ್ರಿ ನಿದ್ದೆ ಬಾರದವರೂ ಇದ್ದಾರೆ.

‘ಕಟ್’ ಅಂದ ಸಪ್ಪಳ

ಕುಕ್ಕರಗಾಲಲ್ಲಿ ಕೂತು ಏಳುವಾಗ, ಇಲ್ಲವೇ ಮೆಟ್ಟಿಲು ಇಳಿಯುವಾಗ ಮೊಣಕಾಲಿನ ಹಿಂದೆ ‘ಕಟ್’ ಎಂದು ಸಪ್ಪಳವಾಗಿ, ಅಂದಿನಿಂದಲೇ ಊರಿ ನಡೆಯಲು ಆಗದ ನೋವು ಬಂದರೆ ಅದನ್ನು ಉಳುಕು ಎಂದು ತಳ್ಳಿಹಾಕಬಾರದು. ಒಳಬದಿಯ ಗಾದಿಯ ಹಿಂತುದಿ ಎಲುಬಿಗೆ ಅಂಟಿರುವ ಬೇರು ಕಿತ್ತಾಗ ಹೀಗಾಗುತ್ತದೆ. ನೆಲದ ಮೇಲೆ ಕೂತೇಳುವ ರೂಢಿ ಇರುವ ಕಡೆ, ನಡುವಯಸ್ಸಿನ ಹೆಂಗಸರಲ್ಲಿ ಇದು ಹೆಚ್ಚು.

ಬೇರು ಕಿತ್ತ ಗಾದಿ ಭಾರ ಬಿದ್ದ ಕೂಡಲೇ ಬದಿಗೆ ಜಾರುತ್ತದೆ. ಗಾದಿಯನ್ನು ಪೂರ್ತಿ ತೆಗೆದುಹಾಕಿದರೆ ಎಲುಬಿಗೆ ಎಷ್ಟು ಒತ್ತಡ ಬೀಳುವುದೋ ಹೆಚ್ಚುಕಡಿಮೆ ಅಷ್ಟೇ ಬೀಳತೊಡಗುತ್ತದೆ. ಕೆಲವೇ ವರ್ಷಗಳಲ್ಲಿ ಒಳಬದಿ ಸವೆದುಹೋಗಬಹುದು. ಎಕ್ಸ್‌ರೇ ಆಗ ಮಾಮೂಲಿಯಾಗಿಯೇ ಇರುತ್ತದೆ, ಎಂಆರ್‌ಐ ಮಾಡಿಸಬೇಕು. ಲೇಪ ಇನ್ನೂ ಚೆನ್ನಾಗಿದ್ದು ಕಾಲು ನೇರವಾಗಿದ್ದರೆ ದುರ್ಬೀನಿನ, ಅಂದರೆ ಸಣ್ಣ ರಂಧ್ರದಿಂದ ಕೀಲಿನೊಳಗೆ ತೂರಿಸುವ ಕ್ಯಾಮೆರಾದ ಮೂಲಕ ಆ ಬೇರಿಗೆ ದಾರ ಹಾಕಿ, ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಸಣ್ಣ ರಂಧ್ರ ಕೊರೆದು, ಕೆಳಕ್ಕೆ ಎಳೆದು ಬಿಗಿಯುತ್ತಾರೆ. ಆಮೇಲೆ ಸುಮಾರು ಆರು ವಾರ ಆ ಕಾಲಿನ ಮೇಲೆ ಭಾರ ಹಾಕುವಂತಿಲ್ಲ, 90 ಡಿಗ್ರಿಗಿಂತ ಹೆಚ್ಚು ಮಡಿಸುವಂತಿಲ್ಲ. ಕುಕ್ಕರಗಾಲಲ್ಲಿ ಕೂರುವುದನ್ನು ಕನಿಷ್ಠ ನಾಲ್ಕಾರು ತಿಂಗಳು ಬಿಡಬೇಕು. ಹೊಲಿಗೆ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಮೂರನೆಯ ವಾರಕ್ಕೆ ನೋವು ಹೋದೊಡನೆ ಕೋಲು ಬಿಟ್ಟು ನಡೆಯುತ್ತಾರೆ, ದಾರ ಗಾದಿಯನ್ನೇ ಸೀಳಿಕೊಂಡು ಹೊರಬರುತ್ತದೆ.

ಎಲುಬು ಕೊಯ್ದು ಕಾಲು ನೇರ ಮಾಡುವುದು

ನಮ್ಮ ಭಾಗದ ದುಡಿಯುವ ಜನಕ್ಕೆ ಎಲ್ಲಕ್ಕಿಂತ ಹೆಚ್ಚು ಹೊಂದುವ, ಆದರೆ ಕಡಿಮೆ ಜನ ಕೇಳಿರುವ ಶಸ್ತ್ರಚಿಕಿತ್ಸೆ ಇದು. ಹೆಸರು ಹೈ ಟಿಬಿಯಲ್ ಆಸ್ಟಿಯಾಟಮಿ. ವೈದ್ಯರು ಎಚ್‌ಟಿಒ ಎನ್ನುತ್ತಾರೆ. ಟೈರು ಬದಲಿಸದೆ ಅಲೈನ್‌ಮೆಂಟ್ ಸರಿಪಡಿಸಿದ ಹಾಗೆ. ಕೀಲನ್ನು ತೆರೆಯುವುದೇ ಇಲ್ಲ.

ಮೊಣಕಾಲಿನಿಂದ ಸುಮಾರು ನಾಲ್ಕು ಸೆಂಟಿಮೀಟರ್ ಕೆಳಗೆ, ಒಳಬದಿಯಿಂದ ಓರೆಯಾಗಿ ಮೇಲಕ್ಕೆ ಎಲುಬನ್ನು ಕೊಯ್ಯುತ್ತಾರೆ. ಹೊರಬದಿಯ ಕೊನೆಯ ಒಂದು ಸೆಂಟಿಮೀಟರ್ ಮಾತ್ರ ಕೊಯ್ಯದೆ ಉಳಿಸುತ್ತಾರೆ. ಬಾಗಿಲಿಗೆ ತಿರುಗುಣಿ ಇದ್ದಂತೆ ಅದು. ಕೊಯ್ದ ಜಾಗವನ್ನು ಆ ತಿರುಗುಣಿಯ ಮೇಲೆ ಮೆಲ್ಲಗೆ ತೆರೆಯುತ್ತಾರೆ. ಸುಮಾರಾಗಿ ಒಂದು ಮಿಲಿಮೀಟರ್ ತೆರೆದರೆ ಒಂದು ಡಿಗ್ರಿ ತಿರುಗುತ್ತದೆ, ಹೆಚ್ಚಿನವರಿಗೆ 8ರಿಂದ 12 ಮಿಲಿಮೀಟರ್ ಬೇಕಾಗುತ್ತದೆ. ಆಮೇಲೆ ಪ್ಲೇಟಿಟ್ಟು, ಅದಕ್ಕೇ ಕಚ್ಚಿಕೊಳ್ಳುವ ಸ್ಕ್ರೂ ಬಿಗಿಯುತ್ತಾರೆ. ತೆರೆದ ಜಾಗ ದೊಡ್ಡದಿದ್ದರೆ ಎಲುಬಿನ ಚೂರು ತುಂಬುವುದುಂಟು.

ಸೊಂಟದಿಂದ ಹರಡಿಗೆ ಎಳೆದ ಆ ದಾರವನ್ನು ಎಲ್ಲಿಗೆ ಸರಿಸಬೇಕು? ಮೊಣಕಾಲಿನ ಅಗಲವನ್ನು ಒಳಅಂಚಿನಿಂದ ಅಳೆದರೆ ಸುಮಾರು 62 ಶೇಕಡಾ ದೂರಕ್ಕೆ, ಅಂದರೆ ಮಧ್ಯವನ್ನು ಸ್ವಲ್ಪವೇ ದಾಟಿ ಹೊರಬದಿಗೆ. ಮೊಣಕಾಲಿನ ಅಗಲ 72 ಮಿಲಿಮೀಟರ್ ಇದ್ದರೆ ಒಳಅಂಚಿನಿಂದ ಸುಮಾರು 45 ಮಿಲಿಮೀಟರ್. ಜಪಾನಿನ ಫುಜಿಸಾವಾ ಎಂಬ ವೈದ್ಯರ ಹೆಸರಿನಲ್ಲಿ ಈ ಬಿಂದುವನ್ನು ಗುರುತಿಸುತ್ತಾರೆ. ಲೇಪ ಅಷ್ಟಾಗಿ ಸವೆದಿರದಿದ್ದರೆ ಇತ್ತೀಚೆಗೆ ಇದಕ್ಕಿಂತ ಸ್ವಲ್ಪ ಕಡಿಮೆಯೇ ಸರಿಸುತ್ತಾರೆ. ಕಡಿಮೆಯಾದರೆ ಹಳೆಯ ನೋವು ಮರಳುತ್ತದೆ. ಹೆಚ್ಚಾದರೆ ಮೊಣಕಾಲುಗಳು ಒಂದಕ್ಕೊಂದು ತಾಗುವಂತಾಗಿ ಹೊರಬದಿ ಸವೆಯತೊಡಗುತ್ತದೆ.

ಇನ್ನೂ ಏನು ತಪ್ಪಬಹುದು? ತಿರುಗುಣಿಯಾಗಿ ಉಳಿಸಿದ ಎಲುಬು ಬಿರುಕು ಬಿಡಬಹುದು. ಹಾಗಾದಾಗ ಕೂಡುವುದು ತಡವಾಗುತ್ತದೆ, ಕಾಲು ಮತ್ತೆ ಬಾಗುವ ಭಯವೂ ಇರುತ್ತದೆ. ಕೊಯ್ದ ಜಾಗದಲ್ಲಿ ಮುಂಬದಿಯ ತೆರಪು ಹಿಂಬದಿಯದರ ಹೆಚ್ಚುಕಡಿಮೆ ಅರ್ಧದಷ್ಟಿರಬೇಕು. ಎರಡನ್ನೂ ಸಮ ತೆರೆದರೆ ಮೊಣಕಾಲಿನ ಇಳಿಜಾರು ಹೆಚ್ಚಾಗಿ, ಎಲುಬುಗಳನ್ನು ಬಿಗಿದಿಡುವ ಒಳಗಿನ ಅಸ್ಥಿರಜ್ಜುವಿನ ಮೇಲೆ ಎಳೆತ ಬೀಳುತ್ತದೆ. ಕೊಯ್ಯುವ ಜಾಗದ ಹಿಂದೆಯೇ ದೊಡ್ಡ ರಕ್ತನಾಳವಿದೆ, ಪಳಗಿದ ಕೈ ಬೇಕು ಎನ್ನುವುದು ಇದಕ್ಕೆ. ಇನ್ನೊಂದು ತೊಂದರೆ ಎಲುಬು ಕೂಡಲು ತಡವಾಗುವುದು, ಅದಕ್ಕೆ ದೊಡ್ಡ ಕಾರಣ ತಂಬಾಕು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಅದು ಬೀಡಿಯಿಂದ ಬಂದರೂ ನಿಕೋಟಿನ್ನೇ, ಗುಟ್ಕಾದಿಂದ ಬಂದರೂ ನಿಕೋಟಿನ್ನೇ. ಕನಿಷ್ಠ ಆರು ವಾರ ಮೊದಲೇ ಬಿಟ್ಟು, ಎಲುಬು ಕೂಡುವವರೆಗೂ ಮುಟ್ಟಬಾರದು.

ಮೊದಲ ಕೆಲ ವಾರ ಕಾಲು ನೆಲಕ್ಕೆ ತಾಗಿಸಿ ಕೋಲಿನ ಮೇಲೆ ನಡೆಯಬೇಕು. ಪೂರ್ತಿ ಭಾರ ಸಾಮಾನ್ಯವಾಗಿ ಆರನೆಯ ವಾರದ ಹೊತ್ತಿಗೆ. ಎಲುಬು ಚೆನ್ನಾಗಿ ಕೂಡಲು ಮೂರರಿಂದ ಆರು ತಿಂಗಳು. ಆಮೇಲೆ ಆ ಮೊಣಕಾಲು ನಿಮ್ಮದೇ. ಹೊರೆ ಹೊರಬಹುದು, ಏಣಿ ಹತ್ತಬಹುದು, ಮೊದಲಿನಷ್ಟು ಮಡಿಸಲು ಬರುತ್ತಿದ್ದರೆ ನೆಲದ ಮೇಲೆ ಕೂರಬಹುದು. ಕೃತಕ ಕೀಲು ಈ ಕೊನೆಯ ಭರವಸೆಯನ್ನು ಕೊಡುವುದಿಲ್ಲ.

ಆದರೆ ಇದು ಶಾಶ್ವತವಲ್ಲ. ಹತ್ತು ವರ್ಷದ ಬಳಿಕವೂ ನಾಲ್ಕರಲ್ಲಿ ಸುಮಾರು ಮೂರು ಮಂದಿಗೆ ಕೀಲು ಬದಲಿಸುವ ಪ್ರಸಂಗ ಬಂದಿರುವುದಿಲ್ಲ, ಉಳಿದವರಿಗೆ ಬರುತ್ತದೆ. ನಲವತ್ತೈದರವರಿಗೆ ಆ ಹತ್ತು-ಹದಿನೈದು ವರ್ಷ ಎಂದರೆ ಮಕ್ಕಳ ಓದು, ಮದುವೆ, ಸಾಲ ತೀರಿಸುವುದು ಎಲ್ಲ ಮುಗಿಯುವ ಕಾಲ. ಒಳಬದಿ ಮಾತ್ರ ಸವೆದಿದ್ದು, ಮೊಣಕಾಲು 100-120 ಡಿಗ್ರಿ ಮಡಿಯುತ್ತ, ಬಹುತೇಕ ನೇರವಾಗುತ್ತಿದ್ದು, ವಯಸ್ಸು ಅರವತ್ತರ ಒಳಗಿದ್ದವರಿಗೆ ಇದು ಸರಿ. ಸಂಧಿವಾತ, ಅಂದರೆ ರುಮಟಾಯ್ಡ್ ಇದ್ದವರಿಗೆ ಸಲ್ಲದು, ಏಕೆಂದರೆ ಅದು ಇಡೀ ಕೀಲನ್ನೇ ತಿನ್ನುವ ಕಾಯಿಲೆ.

ಅರ್ಧ ಮೊಣಕಾಲಿನ ಬದಲಿ

ಒಳಬದಿ ಎಲುಬಿಗೆ ಎಲುಬು ತಾಗುವಷ್ಟು ಸವೆದು, ಹೊರಬದಿ ಮತ್ತು ಒಳಗಿನ ರಜ್ಜುಗಳು ಗಟ್ಟಿಯಾಗಿದ್ದರೆ ಆ ಒಂದು ಭಾಗಕ್ಕಷ್ಟೇ ಲೋಹದ ಹೊದಿಕೆ ಹಾಕಬಹುದು. ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ತುಂಡು ಕೂರುತ್ತದೆ. ನಿಮ್ಮವೇ ರಜ್ಜುಗಳು ಉಳಿಯುವುದರಿಂದ ನಡಿಗೆ ಸಹಜವಾಗಿರುತ್ತದೆ. ಆಕ್ಸ್‌ಫರ್ಡ್ ಹೆಸರಿನ ಕೀಲನ್ನು ಹೀಗೆ ಒಂದು ಭಾಗಕ್ಕಷ್ಟೇ ಹಾಕತೊಡಗಿದ್ದು 1982ರಲ್ಲಿ. ಬ್ರಿಟನ್ನಿನಲ್ಲಿ 528 ಜನರನ್ನು ಐದು ವರ್ಷ ಗಮನಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅರ್ಧ ಬದಲಿಗೂ ಪೂರ್ತಿ ಬದಲಿಗೂ ಫಲ ಸರಿಸುಮಾರು ಒಂದೇ, ಅರ್ಧದ್ದಕ್ಕೆ ಖರ್ಚು ಕಡಿಮೆ ಎಂದು ಕಂಡುಬಂತು.

ಬಾಳಿಕೆಯಲ್ಲಿ ಮಾತ್ರ ಇದು ಹಿಂದೆ. 25 ವರ್ಷಕ್ಕೆ ಪೂರ್ತಿ ಬದಲಿಯಲ್ಲಿ ಸುಮಾರು 82 ಶೇಕಡಾ ಉಳಿದರೆ ಅರ್ಧ ಬದಲಿಯಲ್ಲಿ ಸುಮಾರು 70 ಶೇಕಡಾ. ಜಾರುವ ಪ್ಲಾಸ್ಟಿಕ್ ತುಂಡಿರುವ ಮಾದರಿಯಲ್ಲಿ ಅದು ಜಾಗ ತಪ್ಪುವುದೂ ಉಂಟು, ನೆಲದ ಮೇಲೆ ಆಳವಾಗಿ ಮಡಿಸಿ ಕೂರುವವರಲ್ಲಿ ಆ ಚಿಂತೆ ಹೆಚ್ಚು. ಇದನ್ನು ಅಪರೂಪಕ್ಕೆ ಮಾಡುವವರಿಗಿಂತ ನಿತ್ಯ ಮಾಡುವ ವೈದ್ಯರ ಕೈಯಲ್ಲಿ ಫಲ ಒಳ್ಳೆಯದು. ವರ್ಷಕ್ಕೆ ಎಷ್ಟು ಮಾಡುತ್ತೀರಿ ಎಂದು ಕೇಳುವುದು ಅವಮಾನವಲ್ಲ, ಕೇಳಿ.

ದುರ್ಬೀನಿನಿಂದ ‘ತೊಳೆಯುವುದು’

ಸವೆದ ಮೊಣಕಾಲನ್ನು ದುರ್ಬೀನಿನಿಂದ ತೊಳೆದು ಸ್ವಚ್ಛ ಮಾಡಿದರೆ ನೋವು ಹೋಗುತ್ತದೆ ಎಂಬ ನಂಬಿಕೆ ಇನ್ನೂ ಇದೆ. ಅಮೆರಿಕದಲ್ಲಿ 180 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವರಿಗೆ ನಿಜವಾಗಿ ತೊಳೆದರು, ಕೆಲವರಿಗೆ ಚರ್ಮ ಕೊಯ್ದು ಹೊಲಿಗೆ ಹಾಕಿ ಸುಮ್ಮನೆ ಬಿಟ್ಟರು. ಎರಡು ವರ್ಷವಾದರೂ ಎರಡೂ ಗುಂಪಿನ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೀಲು ಸಿಕ್ಕಿಹಾಕಿಕೊಳ್ಳುವಂಥ ಬೇರೆ ಕಾರಣ ಇಲ್ಲದಿದ್ದರೆ ಇದಕ್ಕೆ ಹಣ ಕಟ್ಟಬೇಡಿ.

ಸೊಂಟದ ಕೀಲು: ಸಮಯ ಇನ್ನೂ ಕಡಿಮೆ

‘ಟೊಂಕ ನೋವು’ ಎಂದು ಬೆನ್ನಿನ ಕೆಳಗೆ ಕೈ ತೋರಿಸಿದರೆ ಅದು ಬಹುಮಟ್ಟಿಗೆ ಬೆನ್ನಿನದು. ಸೊಂಟದ ಕೀಲಿನ ನೋವು ಬರುವುದು ಮುಂದೆ, ತೊಡೆಸಂದಿನಲ್ಲಿ. ಕೆಲವೊಮ್ಮೆ ಮೊಣಕಾಲಿನಲ್ಲೇ ಕಾಣಿಸಿಕೊಂಡು ದಾರಿ ತಪ್ಪಿಸುತ್ತದೆ. ಮೊದಲ ಸುಳಿವು ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂರಲು ಆಗದಿರುವುದು, ಕಾಲುಗುರು ಕತ್ತರಿಸಲು ಕಾಲು ಎಳೆದುಕೊಳ್ಳಲು ಬಾರದಿರುವುದು.

ಮೂವತ್ತು-ನಲವತ್ತರ ಗಂಡಸರಲ್ಲಿ ಇದಕ್ಕೆ ದೊಡ್ಡ ಕಾರಣ ಎವಿಎನ್. ತೊಡೆಯೆಲುಬಿನ ಮೇಲ್ತುದಿಯ ಗುಂಡಿನ ಭಾಗಕ್ಕೆ ರಕ್ತ ಹೋಗುವುದು ನಿಂತು ಎಲುಬು ಸಾಯುವ ಕಾಯಿಲೆ. ಸ್ಟಿರಾಯ್ಡ್ ಔಷಧ ಮತ್ತು ಮದ್ಯ, ಇವೆರಡೇ ಮುಖ್ಯ ಕಾರಣ. ಕೀಲುನೋವಿಗೆಂದು ಹೆಸರು-ವಿಳಾಸ ಇಲ್ಲದೆ ಮಾರುವ ಪುಡಿ, ಗುಳಿಗೆಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು. ಎರಡೇ ದಿನದಲ್ಲಿ ‘ಜಾದೂ’ ಮಾಡುವ ಪುಡಿಯನ್ನು ಮೊದಲು ಅನುಮಾನಿಸಿ.

ಮೊದಲ ಹಂತದಲ್ಲಿ ಎಕ್ಸ್‌ರೇ ಏನೂ ತೋರಿಸುವುದಿಲ್ಲ, ಎಂಆರ್‌ಐ ತೋರಿಸುತ್ತದೆ. ಒಂದೇ ಕಡೆ ನೋವಿದ್ದರೂ ಎರಡೂ ಕಡೆಯದನ್ನು ಮಾಡಿಸಬೇಕು, ಏಕೆಂದರೆ ಇನ್ನೊಂದು ಬದಿಯೂ ಹಿಡಿದಿರುವುದು ಸಾಮಾನ್ಯ. ಗುಂಡು ಕುಸಿಯುವ ಮೊದಲು ತೊಡೆಯ ಹೊರಬದಿಯಿಂದ ಸಣ್ಣ ಗಾಯ ಮಾಡಿ, ಸತ್ತ ಭಾಗದವರೆಗೆ ರಂಧ್ರ ಕೊರೆದು ಒಳಒತ್ತಡ ಇಳಿಸುತ್ತಾರೆ. ಇದಕ್ಕೆ ಕೋರ್ ಡಿಕಂಪ್ರೆಷನ್ ಎಂದು ಹೆಸರು. ಸುಮಾರು ಆರು ವಾರ ಕೋಲು ಹಿಡಿಯಬೇಕು. ಅವಸರಪಟ್ಟರೆ ಕೊರೆದ ಜಾಗದಲ್ಲೇ ಎಲುಬು ಮುರಿಯಬಹುದು. ಗುಂಡು ಒಮ್ಮೆ ಚಪ್ಪಟೆಯಾದ ಮೇಲೆ ಕೊರೆಯುವುದರಿಂದ ಹೆಚ್ಚು ಪ್ರಯೋಜನವಿಲ್ಲ. ನೋವು ಶುರುವಾದದ್ದಕ್ಕೂ ಗುಂಡು ಕುಸಿದದ್ದಕ್ಕೂ ನಡುವೆ ಕೆಲವೇ ತಿಂಗಳು ಇರಬಹುದು. “ಆರು ತಿಂಗಳು ಗುಳಿಗಿ ತಗೊಂಡು ನೋಡ್ರಿ” ಎಂಬ ಮಾತು ಮೊಣಕಾಲಿಗೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ.

ಹುಟ್ಟಿನಿಂದಲೇ ಈ ಗುಂಡು ಕೂರುವ ಸೊಂಟದ ಬಟ್ಟಲು ಆಳವಿಲ್ಲದವರಿಗೆ ಬಟ್ಟಲನ್ನೇ ಕೊಯ್ದು ತಿರುಗಿಸಿ ಗುಂಡನ್ನು ಮುಚ್ಚುವ ಶಸ್ತ್ರಚಿಕಿತ್ಸೆ ಇದೆ. 1984ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ರೈನ್‌ಹೋಲ್ಡ್ ಗಾಂಜ್ ಮತ್ತು ಜೊತೆಗಾರರು ರೂಪಿಸಿದ್ದು. ಮೃದ್ವಸ್ಥಿ ಚೆನ್ನಾಗಿರುವಾಗ, ಹೆಚ್ಚಾಗಿ ನಲವತ್ತರ ಒಳಗೆ, ಇದರಲ್ಲೇ ಪಳಗಿದ ಕೇಂದ್ರಗಳಲ್ಲಿ ಮಾಡಿಸಬೇಕಾದದ್ದು.

ಹಾಗಾದರೆ ಪೂರ್ತಿ ಬದಲಿ ತಪ್ಪೇ?

ತಪ್ಪಲ್ಲ. ಮೂರೂ ಭಾಗ ಸವೆದು ನಿದ್ದೆ ಕೆಟ್ಟವರನ್ನು ‘ಇನ್ನೂ ಐವತ್ತು’ ಎಂದು ಹತ್ತು ವರ್ಷ ನರಳಿಸುವುದು ಸರಿಯಲ್ಲ. ಆದರೆ ಲೆಕ್ಕ ತಿಳಿದಿರಲಿ. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದ ಪ್ರಕಾರ ಎಪ್ಪತ್ತು ದಾಟಿ ಕೀಲು ಬದಲಿಸಿಕೊಂಡವರಲ್ಲಿ ಮತ್ತೆ ಬದಲಿಸಬೇಕಾದವರು ಜೀವಮಾನದಲ್ಲಿ ಸುಮಾರು 5 ಶೇಕಡಾ. ಐವತ್ತರ ಆರಂಭದಲ್ಲಿ ಮಾಡಿಸಿಕೊಂಡ ಗಂಡಸರ ಮೊಣಕಾಲಿನಲ್ಲಿ ಅದು ಸುಮಾರು 35 ಶೇಕಡಾ. ಎರಡನೆಯ ಬದಲಿ ಮೊದಲನೆಯದಕ್ಕಿಂತ ದೊಡ್ಡದು, ದುಬಾರಿ, ಫಲವೂ ಕಡಿಮೆ.

ಹಣ, ಹಂಗಾಮು ಮತ್ತು ಮೈತೂಕ

ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಮೂರು ತಿಂಗಳು ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ನಿಷ್ಠೆಯಿಂದ ಮಾಡಿದವರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಬಹುದು. ಮಾಡಿಸಿಕೊಳ್ಳುವವರೂ ಬೇಗ ಚೇತರಿಸಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಎಂಟರ ಒಳಗೆ ಬರಲಿ, ಇಲ್ಲದಿದ್ದರೆ ಗಾಯಕ್ಕೆ ಸೋಂಕು ತಗಲುವ ಅಪಾಯ ಹೆಚ್ಚು.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ನೇರವಾಗಿ ಖಾಸಗಿಗೆ ಹೋಗಿ ದಾಖಲಾದ ಮೇಲೆ ಪತ್ರಕ್ಕೆ ಓಡಾಡುವುದು ಕಷ್ಟ. ನಿಮ್ಮ ಶಸ್ತ್ರಚಿಕಿತ್ಸೆ ಯೋಜನೆಯ ಪಟ್ಟಿಯಲ್ಲಿ ಯಾವ ಹೆಸರಿನಲ್ಲಿದೆ ಎಂದು ಆಸ್ಪತ್ರೆಯಲ್ಲಿರುವ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಮೊದಲೇ ಕೇಳಿಕೊಳ್ಳಿ. ಮೊಣಕಾಲಿನ ಕೃತಕ ಕೀಲುಗಳಿಗೆ 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಗರಿಷ್ಠ ಬೆಲೆ ಕಟ್ಟಿತು. ಹೆಚ್ಚು ಬಳಕೆಯ ಕೋಬಾಲ್ಟ್-ಕ್ರೋಮಿಯಂ ಕೀಲಿಗೆ ಆಗ 54,720 ರೂಪಾಯಿ ಮತ್ತು ತೆರಿಗೆ. ಬಿಲ್ಲಿನಲ್ಲಿ ಕೀಲಿನ ಬೆಲೆಯನ್ನು ಬೇರೆಯಾಗಿ ಬರೆದು ಕೊಡುವಂತೆ ಕೇಳಬಹುದು.

ಕಾಲು ನೇರ ಮಾಡಿಸಿಕೊಳ್ಳುವ ರೈತರು ಹಂಗಾಮು ನೋಡಿ ದಿನ ಗೊತ್ತುಮಾಡಬೇಕು. ಕಬ್ಬಿನ ಕಟಾವು ಮುಗಿದು ಕಾರ್ಖಾನೆ ನಿಂತ ಮೇಲೆ, ಮಾರ್ಚ್-ಏಪ್ರಿಲ್‌ನಲ್ಲಿ ಮಾಡಿಸಿದರೆ ಮುಂಗಾರು ಬಿತ್ತನೆಗೆ ಹೊಲದ ಬದುವಿನ ಮೇಲೆ ನಿಂತು ಹೇಳಿ ಮಾಡಿಸಬಹುದು, ತಾವೇ ಕೂರಿಗೆ ಹಿಡಿಯಲಾಗದು. ಮುಂದಿನ ಕಟಾವಿನ ಹೊತ್ತಿಗೆ ಎಲುಬು ಕೂಡಿರುತ್ತದೆ. ಪ್ಲೇಟು ಚರ್ಮದ ಕೆಳಗೇ ಇರುವುದರಿಂದ ಕೆಲವರಿಗೆ ಚುಚ್ಚುತ್ತದೆ. ಒಂದೂವರೆ ವರ್ಷದ ಬಳಿಕ, ಎಲುಬು ಪೂರ್ತಿ ಕೂಡಿದ್ದನ್ನು ಎಕ್ಸ್‌ರೇಯಲ್ಲಿ ನೋಡಿ ತೆಗೆಸಬಹುದು. ತೆಗೆದ ಮೇಲೂ ಸ್ಕ್ರೂ ಇದ್ದ ರಂಧ್ರಗಳು ತುಂಬುವವರೆಗೆ, ಸುಮಾರು ಆರು ವಾರ, ತಲೆಹೊರೆ ಬೇಡ.